ನೂಲು ಕಚ್ಚಿದ ಹಲ್ಲು

ದೊಡ್ಡವ್ವನ ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಹಲ್ಲು ಮುರಿದದ್ದಲ್ಲ, ಹುಳುಕೂ ಅಲ್ಲ. ಹುಡುಗಿಯಾಗಿದ್ದಾಗಿನಿಂದ ರೇಷ್ಮೆ ನೂಲನ್ನು ಅದೇ ಜಾಗದಲ್ಲಿಟ್ಟು ಕಚ್ಚಿ ಕಡಿದೂ ಕಡಿದೂ, ನೂಲು ಆ ಹಲ್ಲಿನಲ್ಲಿ ತನಗೆ ಬೇಕಾದಷ್ಟು ದಾರಿ ಮಾಡಿಕೊಂಡಿತ್ತು. ನಕ್ಕಾಗ ಆ ಕಚ್ಚು ಕಾಣುತ್ತಿತ್ತು. ಸಿಟ್ಟು ಬಂದಾಗ ಇನ್ನೂ ಚೆನ್ನಾಗಿ ಕಾಣುತ್ತಿತ್ತು, ಏಕೆಂದರೆ ಸಿಟ್ಟು ಬಂದರೆ ಅವಳು ಹಲ್ಲು ಕಿರಿದು, ಕೈಗೆ ಸಿಕ್ಕ ಖಾಲಿ ಕಂಡಿಕೆಯನ್ನು ಎದುರಿಗಿದ್ದವರ ಮೇಲೆ ಎಸೆಯುತ್ತಿದ್ದಳು. ಕಂಡಿಕೆ ಎಂದರೆ ನೂಲು ಸುತ್ತಿ ಲಾಳಿಯೊಳಗೆ ಕೂರಿಸುವ ಬೆರಳುದ್ದದ ಕೊಳವೆ. ತಗುಲಿದರೆ ಪೆಟ್ಟಾಗುವುದಿಲ್ಲ, ಮಾನ ಹೋಗುತ್ತದೆ ಅಷ್ಟೆ.

ಮೊಳಕಾಲ್ಮೂರಿನ ಮಗ್ಗದ ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ಎದುರು ಮನೆಯಲ್ಲಿ ಅವಳೂ ಅವಳ ತಮ್ಮನೂ ನೇಯ್ದುಕೊಂಡಿದ್ದರು. ನೆಂಟರೇನಲ್ಲ, ನಾವು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆವು ಅಷ್ಟೆ. ಅವಳು ಹುಟ್ಟು ಕಿವುಡಿ, ಮಾತು ಬರುತ್ತಿರಲಿಲ್ಲ. ಮದುವೆ ಆಗಲಿಲ್ಲ, ಯಾರೂ ಮಾಡಲಿಲ್ಲ ಎನ್ನಬೇಕು. ಓಣಿಯವರು ‘ಮೂಗಿ’ ಎನ್ನುತ್ತಿದ್ದರು, ಹೇಗೂ ಕೇಳಿಸುವುದಿಲ್ಲವಲ್ಲ ಎಂದು ಎದುರಿಗೇ ಎನ್ನುತ್ತಿದ್ದರು. ಆ ಮಾತು ಆಡುವಾಗ ತುಟಿ ಹೇಗೆ ಮುಂದಕ್ಕೆ ಬರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಓಣಿಯಲ್ಲಿ ಹಾರಿದ ಕಂಡಿಕೆಗಳಲ್ಲಿ ಅರ್ಧ ಆ ಕಾರಣಕ್ಕೇ ಹಾರಿದವು. ರೇಷನ್ ಕಾರ್ಡಿನಲ್ಲಿ ಅವಳಿಗೊಂದು ಹೆಸರಿತ್ತು, ಆದರೆ ಅದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಅವಳಿಗೆ ಇಷ್ಟವಾದ ಹೆಸರು ಸಿಕ್ಕಿದ್ದು ತಲೆ ನೆರೆತ ಮೇಲೆ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಬಸ್ ಕಂಡಕ್ಟರ್. ಚಳ್ಳಕೆರೆ–ಮೊಳಕಾಲ್ಮೂರು ರೂಟು. ತಳಕು, ಹಾನಗಲ್ ಕ್ರಾಸ್ ಎಂದು ಗಂಟಲು ಹರಿಯುವಂತೆ ಕೂಗಿಕೊಂಡು, ಹೆಂಗಸರಿಗೆಲ್ಲ ಟಿಕೆಟ್ ಫ್ರೀ ಆದ ಮೇಲೆ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಈಜಿಕೊಂಡು ಓಡಾಡುವವಳು. ಕೂರುವುದು ನನಗೆ ಬರುವುದಿಲ್ಲ. ಮನೆಯಲ್ಲೂ ನಿಂತೇ ಊಟ. ತವರು ದೊಡ್ಡಉಳ್ಳಾರ್ತಿ, ಕುರಿ ಕಾಯುವವರ ಮನೆ. ಕುರಿ ಮೇಯುವ ಕಾವಲಿನ ಈ ತುದಿಯಿಂದ ಆ ತುದಿಗೆ ಕೂಗುತ್ತಾ ಬೆಳೆದವರು ನಾವು. ನನ್ನವ್ವ ಪಕ್ಕದಲ್ಲಿ ಕೂತವರಿಗೂ ಗುಡ್ಡದಾಚೆ ಇರುವವರಿಗೆ ಹೇಳುವಂತೆ ಹೇಳುತ್ತಾಳೆ. ಇಂಥ ಕೂಗುಮಾರಿಗಳ ಮನೆತನದಲ್ಲಿ ಹುಟ್ಟಿದ ನನ್ನ ಮಗಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅದು ನಮ್ಮೆಲ್ಲರಿಗಿಂತ ಮೊದಲು ಗೊತ್ತಾದದ್ದು ದೊಡ್ಡವ್ವನಿಗೆ.

ಹೆರಿಗೆ ರಜೆ ಮುಗಿದಾಗ ಕೂಸನ್ನು ಯಾರ ಹತ್ತಿರ ಬಿಡುವುದು ಎಂದು ನಾನು ಒಳಗೂ ಹೊರಗೂ ತಿರುಗುತ್ತಿದ್ದೆ. ನನ್ನ ಗಂಡನಿಗೆ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ, ಬೆಳಿಗ್ಗೆ ಹೋದರೆ ಸಂಜೆ. ದೊಡ್ಡವ್ವ ಬಂದಳು, ಕೂಸನ್ನು ಎತ್ತಿಕೊಂಡಳು, ನನ್ನ ಟಿಕೆಟ್ ಮೆಷಿನ್ನಿನ ಚೀಲವನ್ನು ನನ್ನ ಹೆಗಲಿಗೆ ತಗುಲಿಸಿ ಬಾಗಿಲು ತೋರಿಸಿದಳು. ಅಷ್ಟೇ ಮಾತುಕತೆ.

ಫೋನಿನಲ್ಲಿ ಅವ್ವ ಕೂಗಾಡಿದಳು. “ಕಿವಿ ಕೇಳ್ಸದೋರ ಕೈಗೆ ಕೂಸು ಕೊಟ್ಟು ಹೋಗ್ತೀಯಾ? ಅತ್ರೆ ಹೆಂಗೆ ಗೊತ್ತಾಗ್ತೈತೆ ಅವಳಿಗೆ?”

ಅದಕ್ಕೂ ದೊಡ್ಡವ್ವ ದಾರಿ ಮಾಡಿಕೊಂಡಿದ್ದಳು. ಅವರದು ನೆಲದಲ್ಲಿ ಗುಂಡಿ ತೋಡಿ, ಕಾಲು ಇಳಿಬಿಟ್ಟು ಕೂರುವ ಮಗ್ಗ. ಕೈಕಾಲು ಎರಡಕ್ಕೂ ಕೆಲಸ. ಹಾಗಾಗಿ ತೊಟ್ಟಿಲಿನಿಂದ ಒಂದು ದಾರ ತಂದು ತನ್ನ ತುರುಬಿಗೆ ಕಟ್ಟಿಕೊಂಡಿದ್ದಳು. ಕೂಸು ಅತ್ತು ಕಾಲು ಝಾಡಿಸಿದರೆ ದೊಡ್ಡವ್ವನ ತಲೆ ಹಿಂದಕ್ಕೆ ಜಗ್ಗುತ್ತಿತ್ತು. ನಾನು ಸಂಜೆ ಬರುವ ಹೊತ್ತಿಗೆ ಅವಳ ತುರುಬು ಬಿಚ್ಚಿ ಹರಡಿ, ನೋಡುವ ಹಾಗಿರುತ್ತಿತ್ತು. ಕೂಸು ಮಾತ್ರ ಹೊಟ್ಟೆ ತುಂಬಿಸಿಕೊಂಡು ನಗುತ್ತಿತ್ತು.

ನಮಗೆ ಯಾಕೆ ಅನುಮಾನ ಬರಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಮಗ್ಗದ ಓಣಿಯಲ್ಲಿ ಇದ್ದಿದ್ದರೆ ಅವರೂ ಕೇಳುತ್ತಿರಲಿಲ್ಲ. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಮನೆಮನೆಯಲ್ಲೂ ಧಡ್ ಧಡ್. ಇಲ್ಲಿನ ಕೂಸುಗಳು ಯಾವ ಸದ್ದಿಗೂ ಬೆಚ್ಚುವುದಿಲ್ಲ, ಪಟಾಕಿ ಹೊಡೆದರೂ ಮಲಗಿರುತ್ತವೆ. ಅದರ ಮೇಲೆ ನನ್ನ ಮಗಳು ಮಗ್ಗದ ಸದ್ದಿಗೆ ತಿರುಗುತ್ತಿದ್ದಳು! ಕೌದಿಯ ಮೇಲೆ ಮಲಗಿಸಿದ್ದಾಗ ಮಗ್ಗದ ಹಲಗೆ ಬಡಿದರೆ ಸಾಕು, ಕತ್ತು ಆ ಕಡೆ. ಮಗ್ಗ ನಿಂತರೆ ಮುಖ ಸಣ್ಣಗೆ ಮಾಡಿ ಅಳು. ಲಸಿಕೆ ಹಾಕಲು ಬಂದ ನರ್ಸಮ್ಮ “ಸದ್ದಿಗೆ ತಿರುಗ್ತಾಳಾ?” ಎಂದು ಕೇಳಿದಾಗ ನಾನು ಹೆಮ್ಮೆಯಿಂದಲೇ “ಹೂಂ ಅಕ್ಕ, ಮಗ್ಗ ಹೊಡೆದ್ರೆ ತಿರುಗ್ತೈತೆ” ಎಂದಿದ್ದೆ. ನೇಕಾರರ ಓಣಿಗೆ ತಕ್ಕ ಮೊಮ್ಮಗಳು ಎಂದು ಎಲ್ಲರೂ ನಕ್ಕಿದ್ದರು.

ಆ ದಿನಗಳಲ್ಲಿ ದೊಡ್ಡವ್ವ ನನಗೆ ಏನೋ ಹೇಳಲು ಒದ್ದಾಡುತ್ತಿದ್ದಳು. ತನ್ನ ಕಿವಿ ಮುಟ್ಟುವಳು, ಕೂಸಿನ ಕಿವಿ ಮುಟ್ಟುವಳು, ಬೆರಳು ಆಡಿಸುವಳು. ಬಸ್ಸಿಗೆ ಹೊತ್ತಾಗುತ್ತಿದ್ದ ನಾನು ಹೂಂ ಹೂಂ ಎಂದು ಓಡುತ್ತಿದ್ದೆ. ಕೊನೆಗೆ ನನ್ನ ಗಂಡ “ಕಿವಿ ಚುಚ್ಚಿಸ್ರಿ ಅಂತಿರ್ಬೇಕು ಕಣೇ” ಎಂದ. ಸರಿ ಎಂದು ಅಕ್ಕಸಾಲಿಗನ ಹತ್ತಿರ ಹೋಗಿ, ಕೂಸಿನ ಕಿವಿ ಚುಚ್ಚಿಸಿ, ಓಲೆ ಹಾಕಿಸಿಕೊಂಡು ಬಂದು ದೊಡ್ಡವ್ವನ ಮಡಿಲಲ್ಲಿ ಇಟ್ಟೆವು. ಅವಳು ಓಲೆ ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು, ಹಣೆ ಹಣೆ ಚಚ್ಚಿಕೊಂಡಳು.

ವಾರದ ರಜೆಯ ದಿನ ತಲೆ ಬಾಚಿಕೊಳ್ಳುತ್ತಿದ್ದೆ. ಬೆನ್ನಿಗೊಂದು ಕಂಡಿಕೆ ಬಂದು ಬಿತ್ತು. ತಿರುಗಿದರೆ ದೊಡ್ಡವ್ವ, ಕೈ ಹಿಡಿದು ತನ್ನ ಮನೆಗೆ ಎಳೆದುಕೊಂಡು ಹೋದಳು. ಅವಳ ತಮ್ಮ ಮಗ್ಗದಲ್ಲಿ ಕೂತಿದ್ದರು. ಅವರನ್ನು ನಾವು ಮಾಮ ಎನ್ನುತ್ತೇವೆ. ಅಕ್ಕನ ಕೈಮಾತು ಅರ್ಥವಾಗುತ್ತಿದ್ದುದು ಇಡೀ ಊರಿನಲ್ಲಿ ಅವರೊಬ್ಬರಿಗೇ. ಕೂಸಿನ ವಿಷಯ ನನಗೆ ಹೇಳಲು ಮಾತ್ರ ಅವರಿಗೆ ಧೈರ್ಯ ಬಂದಿರಲಿಲ್ಲ. ದೊಡ್ಡವ್ವ ಕೂಸನ್ನು ಮಗ್ಗಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂರಿಸಿ, ಮಾಮನಿಗೆ ಕೈಸನ್ನೆ ಮಾಡಿದಳು. ಮಾಮ ಹಲಗೆ ಬಡಿದರು. ಕೂಸು ತಿರುಗಿತು. ನೋಡಿದೆಯಾ ಎಂಬಂತೆ ನನ್ನ ಕಡೆ ಕಣ್ಣು ಮಾಡಿದಳು. ಆಮೇಲೆ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಮತ್ತೆ ಸನ್ನೆ ಮಾಡಿದಳು. ಮಾಮ ಬಡಿದರು, ಇನ್ನೂ ಜೋರಾಗಿ ಬಡಿದರು. ಕೂಸು ದೊಡ್ಡವ್ವನ ಸೆರಗಿನ ತುದಿ ಬಾಯಿಗೆ ಹಾಕಿಕೊಂಡು ಚೀಪುತ್ತಲೇ ಇತ್ತು. ಕೆಳಗೆ ಇಳಿಸಿದಳು, ಬಡಿದರು, ತಿರುಗಿತು. ಎತ್ತಿಕೊಂಡಳು, ಬಡಿದರು, ಇಲ್ಲ.

ದೊಡ್ಡವ್ವ ಬಗ್ಗಿ ತನ್ನ ಅಂಗೈಯನ್ನು ಅದುರುವ ನೆಲದ ಮೇಲೆ ಒತ್ತಿ ತೋರಿಸಿದಳು. ತನ್ನ ಎದೆ ಮುಟ್ಟಿಕೊಂಡಳು, ಕೂಸಿನ ಎದೆ ಮುಟ್ಟಿದಳು, ಎರಡು ಬೆರಳು ಜೋಡಿಸಿದಳು. ಮಾಮ ಬಾಯಿ ತೆರೆದರು. ನಾನು ಬೇಡ ಎಂದೆ. ಅದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಕೂಸನ್ನು ಕಿತ್ತುಕೊಂಡು ಮನೆಗೆ ಬಂದು, ಬಾಗಿಲು ಹಾಕಿ, ಡ್ಯೂಟಿಯ ವಿಷಲ್ ತೆಗೆದು ಅದರ ಬೆನ್ನ ಹಿಂದೆ ನಿಂತು ಊದಿದೆ. ಓಣಿಯ ನಾಯಿಗಳೆಲ್ಲ ಬೊಗಳಿದವು. ಪಕ್ಕದ ಮನೆಯವರು ಓಡಿ ಬಂದರು. ಕೂಸು ತನ್ನ ಹೊಸ ಓಲೆಯನ್ನು ಜಗ್ಗಿಕೊಳ್ಳುತ್ತಾ ಕೂತಿತ್ತು.

ಆಮೇಲೆ ಆಸ್ಪತ್ರೆಗಳು. ಚಿತ್ರದುರ್ಗ, ಅಲ್ಲಿಂದ ದಾವಣಗೆರೆ. ಮಲಗಿದ ಕೂಸಿನ ತಲೆಗೆ ವೈರು ಅಂಟಿಸಿ ನೋಡಿದರು. ಕೇಳಿಸುವುದು ಇಲ್ಲವೆನ್ನುವಷ್ಟು ಕಡಿಮೆ ಎಂದರು. ಅಲ್ಲಿನ ಮಾತು ಕಲಿಸುವ ಮೇಡಂ ಸಮಾಧಾನದ ಮನುಷ್ಯೆ. “ಕಿವಿಗೆ ಮೆಷಿನ್ ಹಾಕೋಣ. ಎಷ್ಟು ಉಪಯೋಗ ಆಗುತ್ತೆ ಅಂತ ಈಗಲೇ ಹೇಳೋಕೆ ಆಗಲ್ಲಮ್ಮ. ಆದರೆ ಅಲ್ಲೀವರೆಗೂ ಮಗುನ ಸುಮ್ಮನೆ ಇಡಬೇಡಿ. ಕೈಯಲ್ಲಿ ಮಾತಾಡಿ. ಮಗುಗೆ ಯಾವುದಾದರೂ ಒಂದು ಭಾಷೆ ಈಗಿನಿಂದಲೇ ಬೇಕು” ಎಂದರು. ತಾನೂ ಕಿವುಡಿಯಾಗಿರುವ ಒಬ್ಬ ಟೀಚರ್ ವಿಡಿಯೊ ಕಾಲ್‌ನಲ್ಲಿ ಎಳೆ ಮಕ್ಕಳಿಗೂ ತಾಯಂದಿರಿಗೂ ಕಲಿಸುತ್ತಾರೆ, ಕೆಲವು ತಿಂಗಳು ಕಾಯಬೇಕಾಗುತ್ತದೆ ಎಂದು ಅವರ ನಂಬರನ್ನೂ ಕೊಟ್ಟರು.

ಆ ತಿಂಗಳುಗಳಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಸ್ಸಿನಲ್ಲಿ “ಹಾನಗಲ್ ಕ್ರಾಸ್, ಹಾನಗಲ್ ಕ್ರಾಸ್” ಎಂದು ಕೂಗುವಾಗ ಈ ದನಿ ನನ್ನ ಮಗಳಿಗೆ ಮುಟ್ಟುವುದೇ ಇಲ್ಲವಲ್ಲ ಎನಿಸುತ್ತಿತ್ತು. ಸಿದ್ದಾಪುರದಿಂದ ಬಂದು ಹತ್ತುವ ಹೆಂಗಸರು ಮಡಿಲ ಕೂಸುಗಳ ಜೊತೆ ಲಲ್ಲೆ ಮಾಡುತ್ತಿದ್ದರೆ ಅತ್ತ ನೋಡದೆ ಟಿಕೆಟ್ ಹರಿಯುತ್ತಿದ್ದೆ. ಮೊದಲ ಸಲ ಕೆಲಸದಲ್ಲಿ ತಪ್ಪು ಮಾಡಿದೆ, ಇಳಿಯುವವರು ಇಳಿಯುವ ಮೊದಲೇ ವಿಷಲ್ ಊದಿಬಿಟ್ಟೆ. ಇವಳು ನನ್ನನ್ನು ಏನೆಂದು ಕರೆಯುತ್ತಾಳೆ? ಹೊಟ್ಟೆ ನೋವು ಬಂದರೆ ಹೇಗೆ ಹೇಳುತ್ತಾಳೆ? ನಾನು ಸತ್ತರೆ ಇವಳ ಮನಸ್ಸಿನಲ್ಲಿರುವುದು ಯಾರಿಗೆ ಗೊತ್ತಾಗುತ್ತದೆ? ಇದನ್ನು ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ.

ದೊಡ್ಡವ್ವ ಮಾತ್ರ ಕೆಲಸ ಶುರು ಮಾಡಿಬಿಟ್ಟಿದ್ದಳು. ಅವಳದೂ ಮಾಮನದೂ ಆದ ಕೈಮಾತು ಮಗ್ಗದ ಮನೆಯಲ್ಲೇ ಹುಟ್ಟಿದ್ದು. ಲಾಳಿ ಓಡಿಸುವ ಹಗ್ಗವನ್ನು ಎಳೆದಂತೆ ಗಾಳಿಯಲ್ಲಿ ಮುಷ್ಟಿ ಎಳೆದರೆ ‘ಇನ್ನೊಂದು ಸಲ’. ಬಿಂದಿಗೆ ಸೊಂಟಕ್ಕೆ ಏರಿಸಿದಂತೆ ಮಾಡಿದರೆ ‘ನೀರು’. ಎರಡು ಬೆರಳಲ್ಲಿ ನೂಲು ಹಿಡಿದು, ಹಲ್ಲಿಗೆ ತಂದು, ತಲೆಯನ್ನು ಪಟಕ್ಕನೆ ಆಚೆ ತಿರುಗಿಸಿ ಕಚ್ಚಿದರೆ ‘ಮುಗಿಯಿತು’. ಸೀರೆ ಮುಗಿದು ಮಗ್ಗದಿಂದ ಇಳಿಸಿದಾಗ ಕೊನೆಯ ಎಳೆಗಳನ್ನು ಅವಳು ಕಚ್ಚುತ್ತಿದ್ದುದು ಹಾಗೆಯೇ. ಊಟ ಮುಗಿದರೂ ಅದೇ, ಜಗಳ ಮುಗಿದರೂ ಅದೇ.

ಅವಳು ಕಲಿಸುವ ರೀತಿ ನೋಡಿ ನನಗೆ ತಲೆ ಕೆಡುತ್ತಿತ್ತು. ಸೆರಗಿನಿಂದ ಮುಖ ಮುಚ್ಚುವಳು, ತೆಗೆಯುವಳು, ಕೂಸು ಕೇಕೆ ಹಾಕುವುದು. ಆಗ ಗಾಳಿಯಲ್ಲಿ ಹಗ್ಗ ಎಳೆದು ತೋರಿಸುವಳು. ಸುಮ್ಮನೆ ಕಾಯುವಳು. ಮತ್ತೆ ಮುಖ ಮುಚ್ಚುವಳು. ನೆಯ್ಗೆಯ ನಡುವೆ, ಅಂಬಲಿ ಕುಡಿಸುವ ನಡುವೆ, ದಿನವೂ ಇದೇ. ನಾನು ಕಂಡಕ್ಟರ್, ಕಾಯುವುದು ನನ್ನ ಜಾತಕದಲ್ಲೇ ಇಲ್ಲ. ಒಂದು ದಿನ ಕೂಸಿನ ಮುಷ್ಟಿ ಹಿಡಿದು ನಾನೇ ಎಳೆಸಲು ಹೋದೆ. ದೊಡ್ಡವ್ವ ನನ್ನ ಕೈಮೇಲೆ ಪಟ್ ಎಂದು ಹೊಡೆದಳು. ತನ್ನ ತುಟಿಯನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ಎಳೆದು ತೋರಿಸಿದಳು. ನಿನ್ನ ಬಾಯಿ ಹಿಡಿದು ಯಾರಾದರೂ ಮಾತಾಡಿಸಿದರಾ ಎಂದು ಕೇಳಿದ್ದು ನನಗೂ ಅರ್ಥವಾಯಿತು. ಕೈ ತೆಗೆದೆ.

ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು ಅವರ ಕಟ್ಟೆಯ ಮೇಲೆ ಒರಗಿದ್ದೆ. ಕೂಸು ನನ್ನ ಕತ್ತಿನಲ್ಲಿದ್ದ ವಿಷಲ್ ಹಿಡಿದು ಎಳೆಯುತ್ತಿತ್ತು. ಸುಮ್ಮನೆ ಆಟಕ್ಕೆ, ಅದರ ಅಂಗೈಯನ್ನು ವಿಷಲ್ಲಿನ ತೂತಿಗೆ ಹತ್ತಿರ ಹಿಡಿದು ಮೆಲ್ಲಗೆ ಊದಿದೆ. ಬೆಚ್ಚಗಿನ ಗಾಳಿ ಅಂಗೈಗೆ ತಗುಲಿತು. ಕೂಸು ಬೆರಗಾಗಿ ತನ್ನ ಕೈ ನೋಡಿಕೊಂಡಿತು, ನನ್ನ ಮುಖ ನೋಡಿತು. ಆಮೇಲೆ ಪುಟ್ಟ ಮುಷ್ಟಿ ಕಟ್ಟಿ, ಗಾಳಿಯಲ್ಲಿ ಹಗ್ಗ ಎಳೆಯಿತು.

ಇನ್ನೊಂದು ಸಲ!

ನಾನು ಊದಿದೆ. ಎಳೆಯಿತು. ಊದಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಊದುತ್ತಲೇ ಇದ್ದೆ. ಮಗ್ಗದಿಂದ ದೊಡ್ಡವ್ವ ನೋಡುತ್ತಿದ್ದಳು. ಎದ್ದು ಬರಲಿಲ್ಲ, ಕುಣಿದಾಡಲಿಲ್ಲ. ಹಲ್ಲಿನ ಕಚ್ಚು ಕಾಣುವಂತೆ ನಕ್ಕು, ಲಾಳಿಯ ಹಗ್ಗ ಎಳೆದು ತನ್ನ ಕೆಲಸ ಮುಂದುವರಿಸಿದಳು.

ಇದಾದ ಮೇಲೆ ಅವ್ವ ಊರಿನಿಂದ ಬಂದಳು. ಕೂಸು ಅವಳ ಮುಂದೆಯೂ ಹಗ್ಗ ಎಳೆಯಿತು.

“ಏನಿದು, ಕೂಸಿನ ಕೈಯಾಗೆ ಏನು ಮಾಡಿಸ್ತಿದೀರಿ?”

“ಮಾತವ್ವ. ಇನ್ನೊಂದ್ಸಲ ಆಡ್ಸು ಅಂತೈತೆ.”

“ಮಾತು ಬಾಯಾಗೆ ಬರ್ಬೇಕು ಕಣೇ, ಕೈಯಾಗಲ್ಲ. ಕೈ ರೂಢಿ ಆದ್ರೆ ಬಾಯಿ ಸೋಮಾರಿ ಆಗ್ತೈತೆ. ನಾಳೆ ಮೆಷಿನ್ ಹಾಕಿದ್ರೂ ಇದು ಬಾಯಿ ಬಿಡಲ್ಲ.”

“ಡಾಕ್ಟ್ರು ಹಂಗಂದಿಲ್ಲ.”

“ಡಾಕ್ಟ್ರು ಬಂದು ಇದಕ್ಕೆ ಗಂಡು ಹುಡುಕ್ತಾರಾ? ಎದುರಿಗೇ ಐತಲ್ಲ, ನೋಡು!” ಅವ್ವ ಕೈ ನೀಡಿ ದೊಡ್ಡವ್ವನನ್ನು ತೋರಿಸಿದಳು. “ಇವಳಂಗೆ ಆಗ್ಬೇಕಾ ನಿನ್ನ ಮಗಳು? ಹೇಳು, ಇವಳಂಗೆ ಆಗ್ಬೇಕಾ?”

ಅವ್ವ ಕೂಗಿ ಹೇಳಿದ್ದು ನನ್ನೊಳಗೇ ಇದ್ದ ಭಯವನ್ನು. ಅಷ್ಟರಲ್ಲಿ ಕಂಡಿಕೆಯೊಂದು ಹಾರಿ ಬಂದು ಅವ್ವನ ತೋಳಿಗೆ ಬಡಿಯಿತು. ನಮ್ಮವ್ವನಿಗೆ ಹೊಡೆದವರು ಊರಲ್ಲಿ ಯಾರೂ ಇಲ್ಲ, ಅವಳು ಬೆಪ್ಪಾಗಿ ನಿಂತಳು. ದೊಡ್ಡವ್ವ ನೆಲ ಕುಟ್ಟಿ ಮಾಮನನ್ನು ಕರೆದಳು. ಅವ್ವನ ಎದುರು ನಿಂತು ಕೈ ಆಡಿಸತೊಡಗಿದಳು. ಅವಳು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಮಾಮನ ಕನ್ನಡದಲ್ಲಿ ತೆಲುಗು ಬೆರೆತಿರುತ್ತದೆ. “ಚೂಡಮ್ಮಾ, ಇದು ನನ್ನ ಮಾತಲ್ಲ, ಅಕ್ಕಂದು. ನನ್ನ ಮ್ಯಾಲೆ ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದು ಶುರು ಮಾಡಿದರು. “ಕಿವಿ ಇಲ್ಲದ್ದಕ್ಕೆ ನಾನು ಹಿಂಗಾಗಿಲ್ಲ ಅಂತಾಳೆ. ಮಾತಾಡಾಕೆ ಜನಾನೇ ಇರ್ಲಿಲ್ಲ ಅಂತಾಳೆ. ಅಪ್ಪ ಅವ್ವ ಕೈ ನೋಡ್ತಿರ್ಲಿಲ್ಲ. ಇವನೊಬ್ಬ ನೋಡ್ತಿದ್ದ, ಅಂದ್ರೆ ನಾನು. ಇವನಿಗೂ ತಲೆ ಅಷ್ಟಕ್ಕಷ್ಟೇ ಅಂತಾಳೆ.” ಮಾಮ ಕೆಮ್ಮಿದರು. “ಒಬ್ಬನ ಜತಿಗೆ ಎಷ್ಟಂತ ಮಾತಾಡ್ಲಿ? ಅವನೂ ನೂಲು, ಸೀರೆ, ಊಟ, ಇಷ್ಟು ಬಿಟ್ಟು ಏನೂ ಹೇಳಲ್ಲ. ನೀವೆಲ್ಲ ಕೈ ಕಲ್ತ್ರೆ ಈ ಕೂಸು ನನ್ನಂಗೆ ಆಗಲ್ಲ ಅಂತಾಳೆ. ಅಂತೇನಮ್ಮಾ, ಇಷ್ಟೇ ಅಂದಿದ್ದು.”

ದೊಡ್ಡವ್ವ ನೂಲು ಕಚ್ಚಿದಂತೆ ಮಾಡಿದಳು. ಮುಗಿಯಿತು.

ಅವ್ವ ಆ ದಿನ ಮೆಲುದನಿಯಲ್ಲಿ ಮಾತಾಡಿದಳು, ಅದೂ ತೋಳು ಉಜ್ಜಿಕೊಳ್ಳುತ್ತಾ. ತಪ್ಪಾಯಿತು ಎನ್ನುವ ಪೈಕಿ ಅವಳಲ್ಲ. ಆದರೆ ಮಾರನೆಯ ದಿನ ನನ್ನ ಬಸ್ಸಿನಲ್ಲೇ ಊರಿಗೆ ಹೊರಟಾಗ, ಕೂಸನ್ನು ಎತ್ತಿಕೊಂಡು ಬಂದಿದ್ದ ದೊಡ್ಡವ್ವ ಕೆಳಗೆ ನಿಂತಿದ್ದಳು. ಅವ್ವ ಕಿಟಕಿಯಿಂದ ಕೈ ಹೊರಗೆ ಹಾಕಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಗಾಳಿಯಲ್ಲಿ ಹಗ್ಗ ಎಳೆದಳು. ಕೂಸು ಕೇಕೆ ಹಾಕಿತು. ನಾನು ವಿಷಲ್ ಊದಿದೆ.

ಟೀಚರ್ ಹತ್ತಿರ ನಮ್ಮ ಸರದಿ ಬಂದದ್ದು ಮಗಳು ಎದ್ದು ನಡೆಯುವ ಹೊತ್ತಿಗೆ. ನನ್ನ ಗಂಡ ಅಂಗಡಿಯಿಂದ ಒಂದು ದೊಡ್ಡ ಫೋನ್ ತಂದು ದೊಡ್ಡವ್ವನ ಮನೆಯ ಗೂಡಿನಲ್ಲಿ ನಿಲ್ಲಿಸಿದ. ಫೋನಿನಲ್ಲಿ ಮಾತಾಡುವವರನ್ನು ದೊಡ್ಡವ್ವ ಬೇಕಾದಷ್ಟು ನೋಡಿದ್ದಳು, ಆದರೆ ಫೋನು ಅವಳ ಜೊತೆ ಮಾತಾಡಿರಲಿಲ್ಲ. ತೆರೆಯ ಮೇಲೆ ನಡುವಯಸ್ಸಿನ ಹೆಂಗಸೊಬ್ಬರು ಬಂದರು. ನಮಗೆಲ್ಲ ಕೈ ಮುಗಿದು, ದೊಡ್ಡವ್ವನನ್ನು ಬೊಟ್ಟು ಮಾಡಿ, ಕಿವಿ ಮುಟ್ಟಿ, ಹುಬ್ಬು ಎತ್ತಿದರು. ನೀವೂ? ದೊಡ್ಡವ್ವ ತಲೆಯಾಡಿಸಿದಳು. ಟೀಚರ್ ತಮ್ಮ ಎದೆ ಮುಟ್ಟಿಕೊಂಡರು. ನಾನೂ.

ದೊಡ್ಡವ್ವ ಎದ್ದು ಹೊರಗೆ ಹೋಗಿಬಿಟ್ಟಳು. ಕಟ್ಟೆಯ ಮೇಲೆ ನಿಂತಳು, ಒಳಗೆ ಬಂದಳು, ಫೋನು ನೋಡಿದಳು, ಮತ್ತೆ ಹೊರಗೆ ಹೋದಳು. ಬಿಚ್ಚದ ತುರುಬನ್ನು ಬಿಚ್ಚಿ ಕಟ್ಟಿಕೊಂಡಳು. ಚಡಪಡಿಸುವುದು ನನ್ನ ಗುತ್ತಿಗೆ ಎಂದುಕೊಂಡಿದ್ದೆ, ಆ ದಿನ ನನ್ನನ್ನೂ ಮೀರಿಸಿದಳು. ಕೊನೆಗೆ ಬಂದು ಕೂತು ಮಾಮನ ಕಡೆ ತಿರುಗಿದಳು.

“ಇಂಥೋರು ಇನ್ನೂ ಅದಾರಾ ಅಂತ ಕೇಳ್ತಾಳೆ” ಎಂದರು ಮಾಮ.

“ಬಾಳ ಜನ ಅದಾರಂತೆ ಮಾಮ. ಊರೂರಾಗೂ” ಎಂದೆ.

ಮಾಮ ಅದನ್ನು ಕೈಯಲ್ಲಿ ಹೇಳಿದರು. ದೊಡ್ಡವ್ವ ಇನ್ನೊಂದು ಕೇಳಿದಳು.

“ಇಷ್ಟು ದಿನ ಎಲ್ಲಿದ್ರು ಅಂತಾಳಮ್ಮಾ.”

ಆ ದಿನ ಊಟ ಸೇರಲಿಲ್ಲ ನನಗೆ.

ಪಾಠ ಶುರುವಾದ ಮೇಲೆ ಜಗಳವೂ ಶುರುವಾಯಿತು. ಟೀಚರಮ್ಮನ ನೀರು ಬೇರೆ, ದೊಡ್ಡವ್ವನ ನೀರು ಬೇರೆ. ಅದು ನೀರೇ ಅಲ್ಲ ಎಂದು ದೊಡ್ಡವ್ವ ಫೋನಿಗೆ ಬೈದಳು. ಒಂದು ಸಲ ಕಂಡಿಕೆ ಎಸೆದು ಗಾಜು ಸೀಳಿಸಿದಳು, ಸದ್ಯ ಮನೆಯಲ್ಲೇ ರಿಪೇರಿಯವನಿದ್ದ. ಆದರೆ ಪಾಠದ ದಿನ ಒಗೆದ ಸೀರೆ ಉಟ್ಟು, ತಲೆ ಬಾಚಿ, ಎಲ್ಲರಿಗಿಂತ ಮೊದಲು ಗೂಡಿನ ಮುಂದೆ ಕೂರುತ್ತಿದ್ದವಳೂ ಅವಳೇ. ಮೊಮ್ಮಗಳ ವಯಸ್ಸಿನ ಕೂಸಿನ ಪಕ್ಕ ಕೂತು, ಅದರ ಜೊತೆಗೇ ಬೆಕ್ಕು, ಮಳೆ, ನಾಳೆ, ಬೇಸರ ಎಲ್ಲ ಕಲಿತಳು. ಬೇಸರ ಎಂಬುದಕ್ಕೆ ಅವಳ ಹತ್ತಿರ ಅದುವರೆಗೂ ಕೈ ಇರಲಿಲ್ಲ. ಅದನ್ನು ಕಲಿತ ದಿನ ಎಷ್ಟೋ ಸಲ ಮಾಡಿಕೊಂಡಳು. ಮಗಳಿಗೆ ಎರಡೂ ಬಂತು. ನಮ್ಮೂರ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಹಾಗೆ, ಟೀಚರಿಗೆ ಒಂದು ನೀರು, ದೊಡ್ಡವ್ವನಿಗೆ ಒಂದು ನೀರು ಕೇಳುತ್ತಿದ್ದಳು.

ಆ ಕೈಮಾತಿನವರಲ್ಲಿ ಒಬ್ಬೊಬ್ಬರಿಗೂ ಕೈಯಲ್ಲೇ ಒಂದು ಹೆಸರು ಇಡುವ ಪದ್ಧತಿಯಿದೆ. ಒಂದು ದಿನ ಟೀಚರ್ ದೊಡ್ಡವ್ವನನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, ತೋರುಬೆರಳಿನ ಉಗುರಿನಿಂದ ತಮ್ಮ ಮುಂದಿನ ಹಲ್ಲನ್ನು ಮೆಲ್ಲಗೆ ತಟ್ಟಿದರು. ಆ ಕಚ್ಚು ಇರುವ ಜಾಗ. ಇದು ನಿಮ್ಮ ಹೆಸರು ಎಂದರು. ದೊಡ್ಡವ್ವ ಅದನ್ನು ತಾನೂ ತಟ್ಟಿ ನೋಡಿದಳು. ಆಮೇಲೆ ಒಂದು ವಾರ ಓಣಿಯಲ್ಲಿ ಹಾಲಿನವನು, ತರಕಾರಿಯವಳು, ನೂಲಿನ ಸಾಹುಕಾರ ಯಾರನ್ನೂ ಬಿಡದೆ ನಿಲ್ಲಿಸಿ ಹಲ್ಲು ತಟ್ಟಿ ತೋರಿಸಿದಳು. ಹಲ್ಲು ನೋವಿರಬೇಕು ಎಂದು ಯಾರೋ ಲವಂಗ ಕೊಟ್ಟರಂತೆ.

ಮಗಳ ಕಿವಿಗೆ ಮೆಷಿನ್ ಬಂತು. ಲಾರಿಯ ಹಾರ್ನು ಕೇಳಿಸುತ್ತದೆ, ನನ್ನ ಕೂಗೂ ಅಷ್ಟಿಷ್ಟು. ಸ್ವಲ್ಪ ತೊದಲಿ “ಅವ್ವ” ಎನ್ನುತ್ತಾಳೆ. ಬಾಯಿ ಸೋಮಾರಿಯಾಗಲಿಲ್ಲ ನೋಡು ಎಂದು ಅವ್ವನಿಗೆ ನಾನು ಆಗಾಗ ಚುಚ್ಚುತ್ತೇನೆ. ಆದರೆ ಅವಳ ಕನಸು, ಕೋಪ, ಚಾಡಿ ಎಲ್ಲ ಇರುವುದು ಕೈಯಲ್ಲಿ. ನನ್ನನ್ನು ಅವಳು ಕರೆಯುವುದು ಅಂಗೈಗೆ ಊದಿಕೊಂಡು. ಅದು ನನ್ನ ಹೆಸರು.

ಹೋದ ಬೇಸಿಗೆಯಲ್ಲಿ ದೊಡ್ಡವ್ವ ಮಗ್ಗದಲ್ಲಿ ಕೂತಿದ್ದವಳು ಎದೆ ಒತ್ತಿ ಹಿಡಿದುಕೊಂಡಳಂತೆ. ನಾನು ತಳಕಿನ ಹತ್ತಿರ ಇದ್ದೆ. ಫೋನ್ ಬಂದಾಗ ಬಸ್ಸು ತುಂಬ ಜನ, ಇಳಿದು ಓಡುವಂತಿರಲಿಲ್ಲ. ನಿಂತೇ ಟಿಕೆಟ್ ಕೊಟ್ಟೆ. ಯಾರಿಗೆ ಏನು ಕೊಟ್ಟೆನೋ ಗೊತ್ತಿಲ್ಲ. ಊರು ಮುಟ್ಟುವಷ್ಟರಲ್ಲಿ ಅವಳನ್ನು ಆಸ್ಪತ್ರೆಯಿಂದ ವಾಪಸು ತಂದು ಕಟ್ಟೆಯ ಮೇಲೆ ಮಲಗಿಸಿದ್ದರು.

ಮಗಳು ಅವಳ ಪಕ್ಕ ಕೂತಿದ್ದಳು. ದೊಡ್ಡವ್ವನ ಕೈ ಎತ್ತಿ ಬಿಟ್ಟಳು, ಅದು ಬಿತ್ತು. ಮತ್ತೆ ಎತ್ತಲಿಲ್ಲ. ನನ್ನ ಕಡೆ ನೋಡಿ ಹುಬ್ಬು ಎತ್ತಿದಳು. ನನಗೆ ಬಸ್ಸು, ಹಾಲು, ಜ್ವರ, ಬೈಗುಳ ಎಲ್ಲ ಕೈಯಲ್ಲಿ ಬರುತ್ತಿತ್ತು. ಇದು ಮಾತ್ರ ಬರಲಿಲ್ಲ. ಟೀಚರ್ ಅದಕ್ಕೂ ಒಂದು ಕೈ ಕಲಿಸಿರಬಹುದು, ನನ್ನ ಕೈ ಏಳಲಿಲ್ಲ. ಮಗಳನ್ನು ಎತ್ತಿಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ನಡೆದೆ, ಮತ್ತೆ ಈ ತುದಿಗೆ ಬಂದೆ. ತಮಟೆ ಬಡಿದಾಗ ಅವಳ ಮೈ ನನ್ನ ಮೈಗೆ ಒತ್ತಿಕೊಂಡಿತು. ಅವ್ವ ಬಂದಿದ್ದಳು. ಎಲ್ಲರಿಗಿಂತ ಜೋರಾಗಿ ಅತ್ತವಳು ಅವಳೇ.

ಆಮೇಲಿನ ದಿನಗಳಲ್ಲಿ ನಾನು ಮಗಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಏನು ಹೇಳಲಿ, ಹೇಗೆ ಹೇಳಲಿ ಎಂದು ಬಸ್ಸಿನಲ್ಲಿ ಕೈ ಅಭ್ಯಾಸ ಮಾಡಿ, ಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದೆ. ಎದುರು ಮನೆಯ ಮಗ್ಗದಲ್ಲಿ ದೊಡ್ಡವ್ವ ಅರ್ಧಕ್ಕೆ ಬಿಟ್ಟ ಸೀರೆ ಹಾಗೇ ಇತ್ತು. ತಿಥಿ ಮುಗಿದ ಮೇಲೆ ಮಾಮ ಒಂದು ಮಧ್ಯಾಹ್ನ ಅದನ್ನು ಮುಗಿಸಲು ಕೂತರು. ಮಗಳು ನಮ್ಮ ಹೊಸ್ತಿಲಲ್ಲಿ ಆಡುತ್ತಿದ್ದಳು. ಮೊದಲ ಬಡಿತಕ್ಕೆ ಅವಳ ಅಂಗೈ ನೆಲಕ್ಕೆ ಅಂಟಿಕೊಂಡಿತು. ಮುಖ ಅರಳಿತು. ಎದ್ದು ಬಿದ್ದು ಓಣಿ ದಾಟಿ ಓಡಿದಳು. ನಾನು ಹಿಂದೆ ಓಡಿದೆ. ಬಾಗಿಲಲ್ಲಿ ನಿಂತು ಅವಳು ಮಗ್ಗದೊಳಗೆ ಮಾಮ ಒಬ್ಬರೇ ಕೂತಿರುವುದನ್ನು ನೋಡಿದಳು. ಗುಂಡಿಯೊಳಗೆ ಬಗ್ಗಿ ನೋಡಿದಳು. ಅಳಲಿಲ್ಲ. ಮಾಮ ಸೀರೆ ಮುಗಿಸಿ ಇಳಿಸುವವರೆಗೆ, ಕೊನೆಯ ಎಳೆಗಳನ್ನು ಕಚ್ಚಿ ಕಡಿಯುವವರೆಗೆ ಅಲ್ಲೇ ಕೂತು ನೋಡಿದಳು.

ಪಾಠದ ದಿನ ಬಂತು. ಮಾಮನ ಮನೆಗೆ ಹೋಗಲು ಮನಸ್ಸಾಗದೆ ಫೋನನ್ನು ನಮ್ಮ ಮನೆಯಲ್ಲೇ ನಿಲ್ಲಿಸಿದೆ. ಟೀಚರಿಗೆ ಸುದ್ದಿ ತಿಳಿಸಿರಲಿಲ್ಲ, ಅದನ್ನೂ ಮುಂದಕ್ಕೆ ಹಾಕಿದ್ದೆ. ತೆರೆಯ ಮೇಲೆ ಬಂದವರೇ ಅತ್ತಿತ್ತ ನೋಡಿ, ಉಗುರಿನಿಂದ ಹಲ್ಲು ತಟ್ಟಿ, ಎಲ್ಲಿ ಎಂದು ಕೇಳಿದರು.

ನಾನು ಏಳಲು ಹೋದೆ. ಮಗಳು ನನಗಿಂತ ಮೊದಲು ಕೈ ಎತ್ತಿದಳು.

ಹಲ್ಲು ತಟ್ಟಿದಳು. ಎರಡು ಬೆರಳಲ್ಲಿ ನೂಲು ಹಿಡಿದಳು. ಹಲ್ಲಿಗೆ ತಂದು, ತಲೆಯನ್ನು ಪಟಕ್ಕನೆ ತಿರುಗಿಸಿ ಕಚ್ಚಿದಳು.

ಅದು ನಮ್ಮ ಓಣಿಯ ಮಾತು, ಟೀಚರಿಗೆ ತಿಳಿಯಲಿಲ್ಲ. ಮತ್ತೆ ಹೇಳು ಎಂದರು. ಮಗಳು ಅವಸರ ಮಾಡಲಿಲ್ಲ. ನಮ್ಮಂಥ ದಡ್ಡರಿಗೆ ದೊಡ್ಡವ್ವ ಹೇಳುತ್ತಿದ್ದಂತೆ ಒಂದೊಂದಾಗಿ ಹೇಳಿದಳು. ಲಾಳಿಯ ಹಗ್ಗ ಎಳೆದಳು, ಎಳೆದಳು, ನಿಲ್ಲಿಸಿದಳು. ಸೀರೆ ಇಳಿಸಿದಳು. ಎಳೆ ಕಚ್ಚಿದಳು. ಸೀರೆ ಮಡಚಿದಳು, ಮಡಚಿ ಎರಡೂ ಕೈಯಲ್ಲಿ ಎತ್ತಿ ದೂರ ಇಟ್ಟಳು. ಆಮೇಲೆ ಮತ್ತೆ ಹಲ್ಲು ತಟ್ಟಿದಳು.

ಟೀಚರಮ್ಮನ ಕೈ ಗಾಳಿಯಲ್ಲೇ ನಿಂತಿತು. ಅವರು ಹಲ್ಲು ತಟ್ಟಿ, ನೂಲು ಹಿಡಿದು, ಬಾಯಿ ಮುಚ್ಚಿಕೊಂಡೇ ಕಚ್ಚಿದಂತೆ ಮಾಡಿದರು, ಸರಿಯೇ ಎಂಬಂತೆ. ಮಗಳು ಅಲ್ಲ ಎಂದು ತಲೆಯಾಡಿಸಿದಳು. ಫೋನಿನ ಹತ್ತಿರಕ್ಕೆ ಹೋಗಿ, ದೊಡ್ಡವ್ವನ ಹಾಗೇ ಹುಬ್ಬು ಗಂಟಿಕ್ಕಿ, ಹಲ್ಲು ಕಿರಿದು ಕಚ್ಚಿ ತೋರಿಸಿದಳು. ಹಲ್ಲು ಕಾಣಬೇಕು. ಟೀಚರ್ ಕಣ್ಣೊರೆಸಿಕೊಂಡು ಮತ್ತೆ ಮಾಡಿದರು. ಈ ಸಲ ಹಲ್ಲು ಕಂಡಿತು. ಸರಿ ಎಂದಳು.

ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಡ್ಯೂಟಿಗೆ ಹೊತ್ತಾಗಿತ್ತು, ಚೀಲ ಹೆಗಲಲ್ಲೇ ಇತ್ತು, ಆದರೂ ನೆಲದ ಮೇಲೆ ಕೂತೇ ಇದ್ದೆ. ಅವಳು ನನ್ನ ಕೈ ಹಿಡಿಯಲಿಲ್ಲ, ಬೆರಳು ಮಡಿಸಲಿಲ್ಲ. ಅಂಗೈಗೆ ಊದಿ ನನ್ನ ಹೆಸರು ಕರೆದು, ಸುಮ್ಮನೆ ಕಾದಳು.

ನಾನು ಹಲ್ಲು ತಟ್ಟಿದೆ. ನೂಲು ಹಿಡಿದೆ. ಕಚ್ಚಿದೆ.